ಬೆಳಗಾದ ಮೇಲೆ ಬರುತ್ತಿದ್ದ ನಿದ್ದೆ

ಬೇಲೂರಿನ ಜಯಮ್ಮ ನಮ್ಮ ಮನೆಗೆ ಬಂದ ಬೆಳಗ್ಗೆ ನಾನು ಎಚ್ಚರವಾಗಿದ್ದೆನೇ? ಇಷ್ಟು ವರ್ಷ ಎಚ್ಚರವಾಗಿದ್ದೆ ಎಂದೇ ನಂಬಿಕೊಂಡು ಬಂದೆ. ಆಕೆ ಹೊಸಿಲಾಚೆ ನಿಂತದ್ದು, ಸೆರಗಿನಿಂದ ಹಣೆ ಒರೆಸಿಕೊಂಡದ್ದು, ಒಳಗೆ ಇಣುಕಿ ಕಣ್ಣು ಕಿರಿದು ಮಾಡಿ ನೋಡಿದ್ದು ಎಲ್ಲವೂ ನನ್ನ ಕಣ್ಣ ಮುಂದೆ ಇದೆ. ಆದರೆ ನಾನು ಮಲಗುತ್ತಿದ್ದ ಕೋಣೆಯಿಂದ ಹೊಸಿಲು ಕಾಣುವುದಿಲ್ಲ. ನಡುವೆ ಒಂದು ಮಣ್ಣಿನ ಗೋಡೆ ಇತ್ತು. ನಲವತ್ತು ದಾಟಿದ ಮೇಲೆ ಒಮ್ಮೆ ಆ ಮನೆಗೆ ಹೋದಾಗ, ನನ್ನ ಹಾಸಿಗೆ ಇರುತ್ತಿದ್ದ ಜಾಗದಲ್ಲಿ ಸುಮ್ಮನೆ ಕೂತು ತಲೆ ಎತ್ತಿದಾಗ ಇದು ಹೊಳೆಯಿತು. ಹಾಗಾದರೆ ನಾನು ಕಂಡದ್ದು ಏನನ್ನು? ಮನೆಯವರು ಮದುವೆ ಮುಂಜಿಗಳಲ್ಲಿ ಸೇರಿದಾಗೆಲ್ಲ ಹೇಳಿ ಹೇಳಿ ನಕ್ಕ ಕತೆಯನ್ನೇ ನಾನು ಕಣ್ಣಾರೆ ಕಂಡದ್ದೆಂದು ಇಟ್ಟುಕೊಂಡಿದ್ದೇನೆಯೆ? ವಿಶ್ವವಿದ್ಯಾಲಯದಲ್ಲಿ ಕಲಿತ ಪಾಠಗಳಲ್ಲಿ ನನ್ನಲ್ಲಿ ಉಳಿದದ್ದು ಒಂದೇ. ನೋಡಿದೆ ಎನ್ನುವವನನ್ನು ಎಲ್ಲಿ ನಿಂತು ನೋಡಿದೆ ಎಂದು ಕೇಳಬೇಕು. ಆ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡರೆ ನನ್ನ ಬಾಲ್ಯದ ಅರ್ಧ ಮನೆ ಕುಸಿದು ಬೀಳುತ್ತದೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಅರಸೀಕೆರೆ ತಾಲ್ಲೂಕಿನ ಗಂಡಸಿಯಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿತ್ತು. ಮುಂದೆ ಜಗುಲಿ, ಆಮೇಲೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರಾಚೆ ಅಡಿಗೆಮನೆ, ಹೀಗೆ ಬಾಗಿಲುಗಳು ಒಂದರ ಹಿಂದೆ ಒಂದು ನೇರಕ್ಕೆ ಇದ್ದವು. ಬೀದಿಯಲ್ಲಿ ನಿಂತವರಿಗೆ ಒಲೆಯ ಬೆಂಕಿ ಕಾಣುತ್ತಿತ್ತು. ನಡುಮನೆಯ ಪಕ್ಕಕ್ಕೆ ಒಂದು ಕೋಣೆ. ಅದರ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ಒಳಗಿನ ನೀರು ಇಂಗಿ ತಿರುಳು ಒಣಗಿ ಚಿಪ್ಪು ಬಿಡುವವರೆಗೆ ಸುಮಾರು ಒಂದು ವರ್ಷ ಅವು ಅಲ್ಲೇ ಇರುತ್ತಿದ್ದವು. ಇಲಿ ಓಡಾಡಿದರೆ ಒಂದು ಕಾಯಿ ಉರುಳಿ ಇನ್ನೊಂದಕ್ಕೆ ಬಡಿಯುತ್ತಿತ್ತು. ಆ ಕೋಣೆ ನನ್ನದು. ನಡುಮನೆಯಲ್ಲಿ ಅಪ್ಪನ ತಾಯಿ, ಅಂದರೆ ಅಜ್ಜಿ, ಮತ್ತು ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಸುಮಕ್ಕ ಮಲಗುತ್ತಿದ್ದರು. ಅಪ್ಪ ಪಡಸಾಲೆಯಲ್ಲಿ, ಅವ್ವ ಅಡಿಗೆಮನೆಯ ಬಾಗಿಲಲ್ಲಿ. ರಾತ್ರಿ ಎಂಟಕ್ಕೆ ಮುದ್ದೆ, ಉಪ್ಪುಸಾರು. ಒಂಬತ್ತಕ್ಕೆ ಮನೆ ಸದ್ದಡಗುತ್ತಿತ್ತು. ನಿದ್ದೆ ಅನ್ನುವುದು ನಮ್ಮ ಮನೆಯಲ್ಲಿ ಕೈತೊಳೆದ ಹಾಗೆ, ಊಟವಾದ ಮೇಲೆ ತಾನಾಗಿ ಆಗುವ ಕೆಲಸ. ಅದಕ್ಕೆ ಯಾರೂ ಕಾಯುತ್ತಿರಲಿಲ್ಲ. ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಎಲ್ಲರೂ ಏಳಬೇಕು, ಹೊತ್ತು ಮೂಡುವ ಮೊದಲು ಬಾಗಿಲಿಗೆ ಸಗಣಿನೀರು ಹಾಕಿ ರಂಗೋಲಿ ಬಿಟ್ಟಿರಬೇಕು. ಬಿಡುವವಳು ಮನೆಯ ಹೆಣ್ಣುಮಗಳಾಗಿರಬೇಕು. ಈ ಕೊನೆಯ ಮಾತನ್ನು ಅಜ್ಜಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ನನಗೆ ಮೀಸೆ ಚಿಗುರುವ ಕಾಲಕ್ಕೆ ನಿದ್ದೆ ಬರುವುದು ನಿಂತಿತು. ನಿಂತಿತು ಎಂದರೆ ತಪ್ಪಾಗುತ್ತದೆ, ತಡವಾಯಿತು. ದೀಪ ಆರಿಸಿದ ಮೇಲೆ ಕಣ್ಣು ಇನ್ನಷ್ಟು ಅಗಲವಾಗುತ್ತಿತ್ತು. ಹಗಲೆಲ್ಲ ಮಂಕು ಹಿಡಿದಂತಿದ್ದ ತಲೆ ಆ ಹೊತ್ತಿಗೆ ಚುರುಕಾಗಿ, ಶಾಲೆಯಲ್ಲಿ ಯಾರೋ ಅಂದ ಮಾತು, ನಾನು ಕೊಡದೆ ಹೋದ ಉತ್ತರ, ಮುಂದೆ ಸಾಯುತ್ತೇನಲ್ಲ ಎಂಬ ಯೋಚನೆ, ಎಲ್ಲ ಒಟ್ಟಿಗೆ ಬರುತ್ತಿದ್ದವು. ಗೋಡೆಯಾಚೆ ಸುಮಕ್ಕ ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು. ಅವಳಿಗೆ ಈ ಕಾಟ ನನಗಿಂತ ಮೊದಲೇ ಶುರುವಾಗಿತ್ತಂತೆ. ಹೇಳಿರಲಿಲ್ಲ ಅಷ್ಟೆ. ಬೆಳಗಿನ ಜಾವ ಕೋಳಿ ಕೂಗುವ ಹೊತ್ತಿಗೆ ಸರಿಯಾಗಿ ನಮ್ಮಿಬ್ಬರಿಗೂ ಕಲ್ಲು ಕಟ್ಟಿ ಬಾವಿಗೆ ಇಳಿಸಿದಂಥ ನಿದ್ದೆ ಬರುತ್ತಿತ್ತು. ಮನೆ ಏಳುವ ಹೊತ್ತೂ ಅದೇ.

ಮನೆಯವರು ಇದಕ್ಕೆ ಕಾರಣ ಹುಡುಕಿದರು. ಅಪ್ಪನ ಪ್ರಕಾರ ಅದು ಕತೆಪುಸ್ತಕದ ಹುಚ್ಚು, ಎದುರುಮನೆಯ ಟೀವಿ. ಅಜ್ಜಿಯ ಪ್ರಕಾರ ಪಿತ್ತ. ನೆತ್ತಿಗೆ ಹರಳೆಣ್ಣೆ ತಟ್ಟಿದರು, ಕಾಫಿ ನಿಲ್ಲಿಸಿ ಮಜ್ಜಿಗೆ ಕೊಟ್ಟರು. ಕೊನೆಗೆ ಅಜ್ಜಿ ಗಸಗಸೆ ಪಾಯಸ ಮಾಡಿಸಿದಳು. ನಮಗಾಗಿ ಎಂದು ಮಾಡಿಸಿದ್ದಾದರೂ ಒಳ್ಳೆಯ ಪಾಯಸವನ್ನು ನೋಡಿಕೊಂಡು ಕೂರುವ ಜನ ನಮ್ಮಲ್ಲಿ ಇರಲಿಲ್ಲ. ಎಲ್ಲರೂ ಲೋಟ ಹಿಡಿದು ಕೂತರು.

"ಕುಡೀರ್ಲಾ, ಕುಡೀರಿ. ಇದ ಕುಡುದ್ರೆ ಮೈಮ್ಯಾಲೆ ಎತ್ತಿನಗಾಡಿ ಹೋದ್ರೂ ಎಚ್ಚರಾಗಕ್ಕಿಲ್ಲ," ಎಂದಳು ಅಜ್ಜಿ.

ಅರ್ಧ ಗಂಟೆಯಲ್ಲಿ ಅಪ್ಪನೂ ಅಜ್ಜಿಯೂ ಗೊರಕೆಗೆ ಬಿದ್ದರು. ನಾನು ಕಣ್ಣು ಬಿಟ್ಟುಕೊಂಡು ಅಟ್ಟ ನೋಡುತ್ತಿದ್ದೆ. ಗೋಡೆಯ ಆಚೆಯಿಂದ ಪಿಸುಮಾತು ಬಂತು.

"ಶಿವೂ, ಅಜ್ಜಿ ಮೇಲೆ ಗಾಡಿ ಹೋಗ್ತಾ ಇದೆ ಕಣೋ. ಕೇಳಿಸ್ತಾ ಇದ್ಯಾ?"

ಬಾಯಿಗೆ ಹೊದಿಕೆ ತುರುಕಿಕೊಂಡು ನಕ್ಕೆವು. ಸುಮಕ್ಕನೊಂದಿಗೆ ಹಾಗೆ ನಕ್ಕದ್ದು ಅದೇ ಕೊನೆ ಎನ್ನಿಸುತ್ತದೆ. ಖಚಿತವಾಗಿ ಹೇಳಲಾರೆ. ಕೊನೆ ಎನ್ನುವ ಮಾತು ಯಾವಾಗಲೂ ಆಮೇಲೆ ಸೇರಿಸಿದ್ದು.

ಆಗ ತೋಟಕ್ಕೆ ಕರೆಂಟು ಪಾಳಿಯಲ್ಲಿ ಬರುತ್ತಿತ್ತು. ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರದಲ್ಲಿ ಅದು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಹೇಳುವವರಿರಲಿಲ್ಲ. ಬಂದ ತಕ್ಷಣ ಹೋಗಿ ಬೋರ್‌ವೆಲ್ಲಿನ ಮೋಟರು ಹಾಕಿದವರ ತೆಂಗಿನ ಪಾತಿಗೆ ನೀರು. ಮಲಗಿಬಿಟ್ಟವರ ಪಾತಿ ಒಣಗಿರುತ್ತಿತ್ತು. ಮನೆಯ ದೀಪ ನೋಡಿದರೆ ಇದು ಗೊತ್ತಾಗುವುದಿಲ್ಲ, ಅದಕ್ಕೆ ಒಂದು ಫೇಸ್ ಸಾಕು. ಮೋಟರಿಗೆ ಮೂರು ಫೇಸೂ ಬೇಕು. ಅದಕ್ಕೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೋಟರು ಮನೆಯಿಂದ ಒಂದು ವೈರು ಎಳೆದು ತಂದು ಒಂದು ಪುಟ್ಟ ಬಲ್ಬು ತೂಗುಹಾಕಿರುತ್ತಿದ್ದರು. ಮೂರನೆಯ ಫೇಸ್ ಬಂದಾಗ ಮಾತ್ರ ಅದು ಹತ್ತುತ್ತಿತ್ತು. ನಮ್ಮ ಮನೆಯಲ್ಲಿ ಅದು ಕೆಂಪು ಜೀರೋ ಬಲ್ಬು. ಮೊದಲು ಪಡಸಾಲೆಯಲ್ಲಿ, ಅಪ್ಪನ ತಲೆಯ ಮೇಲಿತ್ತು. ಅಪ್ಪ ಬೆಳಕಿಗೆ ಎಚ್ಚರಾಗುವ ಆಸಾಮಿಯಲ್ಲ. ನನ್ನ ನಿದ್ದೆಗೇಡಿತನ ಮನೆಯಲ್ಲಿ ಜಾಹೀರಾದ ಮೇಲೆ ಒಂದು ಸಂಜೆ ಅವನು ಏಣಿ ತಂದು ಆ ಬಲ್ಬನ್ನು ಬಿಚ್ಚಿ, ನನ್ನ ಕೋಣೆಗೂ ನಡುಮನೆಗೂ ನಡುವಿನ ಬಾಗಿಲ ಮೇಲೆ ಕಟ್ಟಿದ.

"ಹೆಂಗೂ ಕಣ್ ಬುಟ್ಕಂಡೇ ಬಿದ್ದಿರ್ತೀಯಲ್ಲ. ಇದು ಹತ್ತಿದ ತಕ್ಷಣ ಓಡೋಗಿ ಮೋಟ್ರು ಹಾಕ್ಬುಟ್ಟು ಬಾ. ನಿದ್ದೆ ಬರ್ದಿದ್ರೆ ಅಷ್ಟಾದ್ರೂ ಉಪಯೋಗಕ್ಕೆ ಬರ್ಲಿ."

ಹೀಗೆ ನನ್ನ ಕಾಯಿಲೆಗೆ ಒಂದು ಉದ್ಯೋಗ ಸಿಕ್ಕಿತು. ಉಬ್ಬಸದವನಿಗೆ ಕುಲುಮೆಯ ತಿದಿ ಊದಲು ಹಚ್ಚಿದ ಹಾಗೆ. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ನನಗಂತೂ ಹೆಮ್ಮೆಯೇ ಆಯಿತು. ಅಪ್ಪ ಅರಸೀಕೆರೆಯ ಸಂತೆಯಿಂದ ನನಗೊಂದು ಟಾರ್ಚು ತಂದುಕೊಟ್ಟ. ನೆಂಟರ ಮುಂದೆ, "ನಮ್ಮುಡ್ಗ ಕರೆಂಟಿಗೆ ಕಾವಲು ಕೂತವ್ನೆ, ಈ ವರ್ಷ ಒಂದ್ ಮರನೂ ಬಾಡ್ಲಿಲ್ಲ," ಎಂದು ಹೇಳುತ್ತಿದ್ದ. ಬೆಳಗ್ಗೆ ನಾನು ಎಷ್ಟು ಹೊತ್ತು ಬಿದ್ದುಕೊಂಡರೂ ಕೇಳುವವರಿಲ್ಲ. ಶಾಲೆಗೆ ತಡವಾದರೆ ಅಪ್ಪನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದ. ಈಗ ಯೋಚಿಸಿದರೆ ನಿದ್ದೆ ಬರದೆ ನಾನು ಬಲ್ಬು ಕಾಯುತ್ತಿದ್ದೆನೋ, ಬಲ್ಬು ಕಾಯುತ್ತಿದ್ದುದರಿಂದ ನಿದ್ದೆ ಬರುತ್ತಿರಲಿಲ್ಲವೋ ಬಿಡಿಸಿ ಹೇಳಲು ನನ್ನಿಂದಾಗದು. ಹಗಲು ಪಾಳಿಯ ವಾರದಲ್ಲೂ ಕಣ್ಣು ಆ ಬಾಗಿಲ ಕಡೆಗೇ ಇರುತ್ತಿತ್ತು ಎಂಬುದು ನೆನಪಿದೆ.

ಸುಮಕ್ಕನ ಬೆಳಗು ಬೇರೆ ರೀತಿಯದು. ಅವಳು ಆಗ ಅರಸೀಕೆರೆಗೆ ಬಸ್ಸಿನಲ್ಲಿ ಹೋಗಿ ಎರಡನೆಯ ಪಿಯುಸಿ ಓದುತ್ತಿದ್ದಳು. ವಿಜ್ಞಾನ. ಮುಂದೆ ಹಾಸನದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಮಾಡಬೇಕೆಂಬುದು ಅವಳ ಆಸೆ. ಅಪ್ಪ ಬೇಡ ಎಂದಿರಲಿಲ್ಲ, ಸರಿ ಎಂದೂ ಅಂದಿರಲಿಲ್ಲ. ಕೋಳಿ ಕೂಗಿದ ಮೇಲೆ ಅಜ್ಜಿ ಅವಳ ಹೊದಿಕೆಯನ್ನು ಒಂದು ತುದಿಯಿಂದ ಎಳೆಯುತ್ತಿದ್ದಳು. ನನಗೆ ಆಗಷ್ಟೇ ಕಣ್ಣು ಹತ್ತಿರುತ್ತಿತ್ತು, ಆದರೂ ಈ ಮಾತುಗಳು ನಿದ್ದೆಯೊಳಗೇ ಕೇಳಿಸುತ್ತಿದ್ದವು.

"ಹೊತ್ತು ಹುಟ್ಟಿ ಮಾರುದ್ದ ಬಂದೈತೆ. ಬಾಗ್ಲಿಗೆ ನೀರಿಲ್ಲ. ಎದ್ದೇಳೇ."

"ಅಜ್ಜಿ, ಅಲ್ಲಿ ಶಿವೂನೂ ಮಲಗಿದ್ದಾನೆ."

"ಅವನು ರಾತ್ರೆಲ್ಲ ಕರೆಂಟು ಕಾದವ್ನೆ ಪಾಪ. ನೀನೇನ್ ಕಾದಿದ್ದೀಯ?"

"ನನಗೂ ನಿದ್ದೆ ಬರಲ್ಲ ಅಜ್ಜಿ. ಎಷ್ಟೊತ್ತಾದ್ರೂ ಬರಲ್ಲ."

"ಯಾಕ್ ಬರಕ್ಕಿಲ್ಲ? ಯಾರ ಗ್ಯಾನ್ದಾಗಿದ್ದೀಯೆ?"

ಇದು ನಡೆದ ದಿನ ಯಾವುದು ಎಂದು ಹೇಳಲಾರೆ, ಒಂದೇ ದಿನ ನಡೆದದ್ದೋ ಹಲವು ದಿನ ನಡೆದದ್ದೋ ಅದೂ ಗೊತ್ತಿಲ್ಲ. ಆದರೆ ಆ ಪ್ರಶ್ನೆ ಚೆನ್ನಾಗಿ ನೆನಪಿದೆ. ಅಡಿಗೆಮನೆಯಲ್ಲಿ ಅವ್ವ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದಳು. ಒಂದೇ ಸೂರಿನ ಕೆಳಗೆ, ಒಂದೇ ಗೋಡೆಯ ಎರಡು ಬದಿಗೆ, ಒಂದೇ ತೊಂದರೆ. ನನ್ನದು ಕಾವಲು ಎನ್ನಿಸಿಕೊಂಡಿತು, ಅವಳದು ಅನುಮಾನ. ಅಂದಿನಿಂದ ಅವಳ ಪುಸ್ತಕಗಳ ನಡುವೆ ಅಪ್ಪನ ಕೈ ಆಡತೊಡಗಿತು. ಕಾಲೇಜಿನಿಂದ ಬರುವ ಬಸ್ಸು ತಡವಾದರೆ ಅವನು ಜಗುಲಿಯಿಂದ ಎದ್ದು ರಸ್ತೆಗೆ ಹೋಗಿ ನಿಲ್ಲುತ್ತಿದ್ದ. ಏನೂ ಸಿಗಲಿಲ್ಲ, ಸಿಗಲು ಏನೂ ಇರಲಿಲ್ಲ. ಸಿಗದೆ ಇದ್ದುದರಿಂದ ಅನುಮಾನ ಇನ್ನೂ ಬಲಿಯಿತು.

ಅವ್ವ ಈ ವಿಷಯದಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಒಮ್ಮೆ ಮಾತ್ರ. ಒಂದು ಭಾನುವಾರ ಬಚ್ಚಲಲ್ಲಿ ನನ್ನ ತಲೆಗೆ ನೀರು ಹಾಕುತ್ತಿದ್ದಳು. ಸೀಗೇಪುಡಿ ಕಣ್ಣಿಗೆ ಹೋಗಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅದಕ್ಕೇ ಹೇಳಿದಳೋ ಏನೋ.

"ನಿಮ್ಮಕ್ಕನ ವಯಸ್ಗೆ ನಾನು ಈ ಮನೆ ಸೊಸೆ ಕಣ್ಲಾ. ನಂಗೂ ಹಿಂಗೇ, ರಾತ್ರೆ ನಿದ್ದೆ ಬರ್ತಿರ್ಲಿಲ್ಲ, ಬೆಳಗಾನ ಕಣ್ಣು ಬುಡಕ್ಕಾಯ್ತಿರ್ಲಿಲ್ಲ. ರಾಗಿ ಕಲ್ಲು ಹಿಡ್ಕಂಡೇ ತೂಕಡುಸ್ತಿದ್ದೆ."

"ಆಮೇಲೆ?"

"ಆಮೇಲೇನು. ನಿಮ್ಮಜ್ಜಿ ಮಕಕ್ಕೆ ತಣ್ಣೀರು ಎರಚೋರು. ಚಳಿಗಾಲ್ದಾಗೂನೂವೆ."

"ಆಮೇಲೆ ಸರಿಹೋಯ್ತಾ?"

"ಇಪ್ಪತ್ತು ದಾಟಿದ್ ಮೇಲೆ ತಾನೇ ಸರಿಹೋಯ್ತು. ಅಷ್ಟೊತ್ಗೆ ನೀವಿಬ್ರೂ ಹುಟ್ಟಿದ್ರಿ, ನಿದ್ದೆ ಯಾರಿಗ್ ಬೇಕಿತ್ತು. ಬಗ್ಗಿಸ್ಲಾ ತಲೆಯ."

ಮುಂದೆ ಎಷ್ಟೋ ವರ್ಷಗಳ ಮೇಲೆ, ಆ ವಯಸ್ಸಿನಲ್ಲಿ ದೇಹದೊಳಗಿನ ಗಡಿಯಾರವೇ ತಡವಾಗಿ ನಡೆಯತೊಡಗುತ್ತದೆ, ನಿದ್ದೆ ಬರಿಸುವ ರಸ ದೊಡ್ಡವರಲ್ಲಿ ಸ್ರವಿಸುವುದಕ್ಕಿಂತ ತಡವಾಗಿ ಸ್ರವಿಸುತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಗಡಿಯಾರ ಮತ್ತೆ ಹಿಂದಕ್ಕೆ ಸರಿಯುತ್ತದೆ ಎಂದು ಓದಿದಾಗ ನನಗೆ ಹೊಸದೇನೂ ಎನ್ನಿಸಲಿಲ್ಲ. ಬಚ್ಚಲಲ್ಲಿ ಕಣ್ಣು ಮುಚ್ಚಿಕೊಂಡು ಇದನ್ನೇ ಕೇಳಿದ್ದೆ. ಅಥವಾ ಓದಿದ ಮೇಲೆ ಅವ್ವನ ಬಾಯಿಗೆ ನಾನೇ "ಇಪ್ಪತ್ತು" ಸೇರಿಸಿದೆನೋ. ಅವ್ವನನ್ನು ಕೇಳಿದರೆ, "ಅಂಗಂದಿದ್ನಾ? ಇರ್ಬೋದು," ಎನ್ನುತ್ತಾಳೆ.

ಆ ವರ್ಷ ಬೇಸಗೆಗೆ ಮುಂಚೆ ಹಳೇಬೀಡಿನಿಂದ ದೊಡ್ಡಪ್ಪ ಬಂದ. ಅಪ್ಪನಿಗೆ ವರಸೆಯಲ್ಲಿ ಅಣ್ಣ, ನೆಂಟಸ್ತಿಕೆ ಕುದುರಿಸುವುದರಲ್ಲಿ ಉತ್ಸಾಹಿ. ಬೇಲೂರಿನಲ್ಲಿ ಒಂದು ಮನೆ, ಹುಡುಗನಿಗೆ ಅಲ್ಲೇ ಸರ್ಕಾರಿ ಕೆಲಸ, ತಂದೆತಾಯಿ ಇಲ್ಲ, ಅಕ್ಕ ಜಯಮ್ಮನೇ ಸಾಕಿ ಬೆಳೆಸಿದವಳು, ಆಕೆ ಹೂಂ ಎಂದರೆ ಆಯಿತು. ಫೋಟೋ ನೋಡಿ ಆಕೆಗೆ ಇಷ್ಟವಾಗಿದೆ. ಅಪ್ಪನ ಮುಖ ಅರಳಿತು. ಸುಮಕ್ಕ ಪಿಯುಸಿ ಮುಗಿಸಿ ಹಾಸನಕ್ಕೆ ಹೋಗುವ ಮಾತು ಯಾರೂ ತೆಗೆಯದೆ ತಾನಾಗಿ ಬಿದ್ದುಹೋಯಿತು. ಅವಳು ಅಂದು ಊಟ ಮಾಡಲಿಲ್ಲ. ಅಪ್ಪ ಕೇಳಿದ್ದಕ್ಕೆ ಅಡಿಗೆಮನೆಯಿಂದಲೇ ಅಂದಳು.

"ಪರೀಕ್ಷೆ ಬರೀತೀನಪ್ಪ. ಪಾಸಾದ್ರೆ ಓದಿಸಿ. ಫೇಲಾದ್ರೆ ಯಾರಿಗಾದ್ರೂ ಕೊಡಿ, ಮಾತಾಡಲ್ಲ."

"ಓದಿ ಓದಿಯೇ ರಾತ್ರಿ ನಿದ್ದೆ ಕೆಟ್ಟೈತೆ. ಮದ್ವೆ ಆದ್ರೆ ಎಲ್ಲಾ ಒಂದು ಹದಕ್ಕೆ ಬತ್ತದೆ," ಎಂದ ಅಪ್ಪ. ಅಜ್ಜಿ ತಲೆ ಆಡಿಸಿದಳು. ದೊಡ್ಡಪ್ಪನ ಎದುರಿಗೆ ಅವ್ವ ಬರುವ ಪದ್ಧತಿ ಇರಲಿಲ್ಲ. ಗಂಡನ ಅಣ್ಣನ ಮುಂದೆ ನಿಂತು ಮಾತಾಡುವುದು ನಮ್ಮಲ್ಲಿ ಇಲ್ಲ. ಅವಳು ಬಾಗಿಲ ಮರೆಯಲ್ಲೇ ನಿಂತು ಕಾಫಿಯ ಲೋಟಗಳನ್ನು ನನ್ನ ಕೈಗೆ ಕೊಟ್ಟಳು.

ಹೆಣ್ಣು ನೋಡುವ ಶಾಸ್ತ್ರಕ್ಕೆ ದಿನ ಗೊತ್ತು ಮಾಡಿ ಬರುವುದು ಒಂದು ಬಗೆ. ಹೇಳದೆ ಕೇಳದೆ ಬೆಳಗಾಗುವ ಮುಂಚೆ ಬಂದು ಬಾಗಿಲಲ್ಲಿ ನಿಲ್ಲುವುದು ಇನ್ನೊಂದು. ನಮ್ಮ ಸೀಮೆಯ ಹಳೆಯ ಹೆಂಗಸರು ಎರಡನೆಯದನ್ನೇ ನಂಬುತ್ತಿದ್ದರು. ಸೀರೆ ಉಡಿಸಿ ಕೂರಿಸಿದ ಹುಡುಗಿಯನ್ನು ನೋಡಿ ಏನು ತಿಳಿಯುತ್ತದೆ, ರಂಗೋಲಿ ಬಿಡುವ ಹುಡುಗಿಯನ್ನು ನೋಡಬೇಕು ಎನ್ನುತ್ತಿದ್ದರು. ಜಯಮ್ಮ ಹಿಂದಿನ ಸಂಜೆಯೇ ಗಂಡಸಿಯಲ್ಲಿದ್ದ ತನ್ನ ನೆಂಟರ ಮನೆಗೆ ಬಂದು ಉಳಿದು, ಮಬ್ಬುಗತ್ತಲೆಯಲ್ಲೇ ಹೊರಟು ಹೊತ್ತು ಮೂಡುವಾಗ ನಮ್ಮ ಬೀದಿಗೆ ಬಂದಳು. ಅಪ್ಪ ತೋಟಕ್ಕೆ ಹೋಗಿದ್ದ. ಅಜ್ಜಿ ಯಾರದೋ ಬಾಣಂತಿಗೆ ಎಣ್ಣೆ ಹಚ್ಚಲು ಹೋಗಿದ್ದಳು. ಬಾಗಿಲಿಗೆ ನೀರು ಬಿದ್ದಿರಲಿಲ್ಲ. ಸುಮಕ್ಕ ನಡುಮನೆಯಲ್ಲಿ, ಬೀದಿಯಿಂದ ನೇರ ಕಾಣುವ ಹಾಗೆ, ತಲೆಗೂದಲು ಕೆದರಿ ಬಾಯಿ ತೆರೆದು ಮಲಗಿದ್ದಳು. ನಾನು ಏನು ಕಂಡೆನೋ ಬಿಡಿ. ಕೇಳಿದ್ದನ್ನು ಮಾತ್ರ ಬರೆಯುತ್ತೇನೆ, ಗೋಡೆ ಮಾತನ್ನು ತಡೆಯುವುದಿಲ್ಲ.

"ಯಾರು?" ಅವ್ವನ ದನಿ.

"ನಾನು ಕಣವ್ವ, ಬೇಲೂರಿಂದ. ಜಯಮ್ಮ. ದೊಡ್ಡೋರು ಹೇಳಿರ್ಬೇಕಲ್ಲ."

ಸ್ವಲ್ಪ ಹೊತ್ತು ಏನೂ ಇಲ್ಲ. ಆ ಹೊತ್ತಿನಲ್ಲಿ ಅವ್ವ ನಡುಮನೆಗೆ ಬಂದು ಮಗಳ ಭುಜ ಅಲುಗಿಸಬಹುದಿತ್ತು. ಬಾಗಿಲು ಅಡ್ಡ ಮಾಡಬಹುದಿತ್ತು. ಹೊದಿಕೆಯನ್ನಾದರೂ ಮೇಲಕ್ಕೆ ಎಳೆಯಬಹುದಿತ್ತು. ಹೆಜ್ಜೆ ಸಪ್ಪಳ ನಡುಮನೆಯ ಕಡೆಗೆ ಬರಲೇ ಇಲ್ಲ.

"ಬನ್ನಿ, ಒಳೀಕ್ ಬನ್ನಿ," ಎಂದಳು ಅವ್ವ. "ಹುಡ್ಗಿ ಮಲಗವ್ಳೆ. ದಿನಾ ಇಷ್ಟೊತ್ತಾಯ್ತದೆ ಅವಳು ಏಳಾದು."

"ಹೌದಾ?"

"ಹೂಂ. ರಾತ್ರೆ ಓದ್ತಾಳೆ. ಎಬ್ಬಸ್ಲಾ?"

"ಬ್ಯಾಡ ಬುಡಿ. ಮಲಗ್ಲಿ."

ಜಯಮ್ಮ ಕಾಫಿ ಕುಡಿದು, ಅಟ್ಟದಲ್ಲಿ ಎಷ್ಟು ಕಾಯಿ ಇವೆ ಎಂದು ಕೇಳಿ, ಅರಿಶಿನ ಕುಂಕುಮ ತೆಗೆದುಕೊಂಡು ಹೋದಳು. ಅಜ್ಜಿ ಮರಳಿ ಬಂದಾಗ ಅವ್ವ ತಾನೇ ಎಲ್ಲವನ್ನೂ ಹೇಳಿದಳು. ಆ ದಿನದ ಜಗಳವನ್ನು ಇಲ್ಲಿ ಬರೆಯಲಾರೆ, ಅಜ್ಜಿ ಬಳಸಿದ ಕೆಲವು ಮಾತುಗಳನ್ನು ಸತ್ತವರ ಬಾಯಲ್ಲಿ ಮತ್ತೆ ಹಾಕಲು ಮನಸ್ಸಿಲ್ಲ. ಸುಮಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಆ ಮದುವೆ ಬೇಡವಾಗಿತ್ತು ನಿಜ. ಆದರೆ ಬೇಡ ಎನ್ನುವುದು ಒಂದು, ಬಾಯಿ ತೆರೆದು ಮಲಗಿದ್ದಾಗ ಬಂದು ನೋಡಿಹೋದರು ಎನ್ನುವುದು ಇನ್ನೊಂದು.

ಮುಂದಿನ ವಾರ ದೊಡ್ಡಪ್ಪ ಬಂದು ಜಗುಲಿಯ ಮೇಲೆ ಕೂತು, ಒಳಗೆ ಕೂಡ ಬರದೆ, ವಿಷಯ ಮುಟ್ಟಿಸಿದ. ಬೇಲೂರಿನವರು ಬೇಡ ಎಂದಿದ್ದಾರೆ. ಹೊತ್ತು ಮೂಡಿದರೂ ಏಳದ ಹುಡುಗಿ ನಮ್ಮ ಮನೆಗೆ ಆಗುವುದಿಲ್ಲ ಎಂದರಂತೆ. ಅಪ್ಪ ಕೂಗಾಡಲಿಲ್ಲ. ಟವಲಿನಲ್ಲಿ ಮುಖ ಒರೆಸಿಕೊಂಡು ಎದ್ದು ತೋಟಕ್ಕೆ ಹೋದ. ಅವನು ಸುಮಕ್ಕನ ಜೊತೆ ಮಾತಾಡಿದ್ದು ಅವಳ ಫಲಿತಾಂಶ ಬಂದ ಮೇಲೆಯೇ. ಅಷ್ಟರಲ್ಲಿ ಸುದ್ದಿ ಸುತ್ತಿನ ಹಳ್ಳಿಗಳಿಗೆ ಹಬ್ಬಿತ್ತು, ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ. ಮನೆಯಲ್ಲಿ ಇಟ್ಟುಕೊಂಡು ಏನು ಮಾಡುವುದು ಎಂಬ ಬೇಸರದಲ್ಲಿ, ಅನುಮತಿ ಎಂದೂ ಹೇಳಲಾಗದ ಒಂದು ದನಿಯಲ್ಲಿ, "ಓಗ್ಲಿ ಹಾಸನಕ್ಕೆ," ಎಂದ.

ಅವಳು ಹೋದಳು, ಓದಿದಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು, ತಾನು ಒಪ್ಪಿದವನನ್ನು ಮದುವೆಯಾದಳು. ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕು. ಆದರೆ ನಮ್ಮ ಬಳಗದಲ್ಲಿ ಅವಳಿಗೆ ಈಗಲೂ ನಿದ್ದೆ ಮಾಡಿ ಗಂಡನ್ನು ಕಳಕೊಂಡವಳು ಎಂದೇ ಹೆಸರು. ಗೃಹಪ್ರವೇಶವಿರಲಿ, ನಾಮಕರಣವಿರಲಿ, ಯಾರಾದರೊಬ್ಬರು, "ಸುಮಾ, ಇವತ್ತು ಎಷ್ಟೊತ್ತಿಗೆ ಎದ್ಯೇ?" ಎಂದು ಕೇಳಿಯೇ ಕೇಳುತ್ತಾರೆ. ಅವಳು ನಗುತ್ತಾಳೆ. ಅವಳ ಮನೆಯಲ್ಲಿ ಉಳಿದಾಗ ನಾನು ನೋಡಿದ್ದೇನೆ. ತಲೆದಿಂಬಿನ ಹತ್ತಿರ ಒಂದು ಅಲಾರಾಂ, ಕಿಟಕಿಯ ಮೇಲೆ ಒಂದು, ಮೊಬೈಲಿನಲ್ಲಿ ಇನ್ನೊಂದು. ಅವು ಹೊಡೆಯುವ ಮೊದಲೇ ಎದ್ದು ಕತ್ತಲಲ್ಲಿ ಕೂತಿರುತ್ತಾಳೆ. ಅವಳ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ, ರಾತ್ರಿ ಬಹಳ ಹೊತ್ತು ಎಚ್ಚರವಿರುತ್ತಾಳೆ. ಅದಕ್ಕೆ ಮೊಬೈಲೇ ಕಾರಣ ಎಂದು ಸುಮಕ್ಕ ರೇಗುತ್ತಾಳೆ. ನಾನು ದೇಹದ ಗಡಿಯಾರದ ವಿಷಯ ಹೇಳಹೋದೆ.

"ಅದೆಲ್ಲ ನಾನೇ ಪಾಠ ಮಾಡ್ತೀನಿ ಕಣೋ," ಎಂದಳು. "ಪಾಠ ಬೇರೆ. ಏಳು ಗಂಟೆವರೆಗೂ ಮಲಗಿರೋ ಹುಡುಗೀನ ನೋಡಿದ್ರೆ ನನಗೆ ಎದೆ ಡವಡವ ಅನ್ನುತ್ತೆ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅನ್ಸುತ್ತೆ."

ಇನ್ನೊಂದು ಮಾತೂ ಅಂದಳು. ಕರೆಂಟಿನ ಕಾವಲಿನ ಬಗ್ಗೆ ನಾನು ಜಂಬದಿಂದ ಏನೋ ಹೇಳುತ್ತಿದ್ದೆ.

"ಕಾವಲಾ? ವಾರದಲ್ಲಿ ಅರ್ಧ ದಿನ ನೀನು ನಿದ್ದೆ ಹೋಗಿರ್ತಿದ್ದೆ. ಬಲ್ಬು ಹತ್ತಿದ್ದು ನೋಡಿ ಗೋಡೆ ಗುದ್ದಿ ಎಬ್ಬಿಸ್ತಾ ಇದ್ದೋಳು ನಾನು. ರಾತ್ರಿ ಹೊತ್ತು ತೋಟಕ್ಕೆ ಹೋಗೋ ಹಾಗಿರ್ಲಿಲ್ಲ, ಅದಕ್ಕೆ ನಿನ್ನ ಕಳಿಸ್ತಿದ್ದೆ. ಮರೆತುಬಿಟ್ಯಾ?"

ಮರೆತಿದ್ದೆನೋ, ಅದು ಅವಳು ಕಟ್ಟಿಕೊಂಡ ನೆನಪೋ. ಬಲ್ಬು ಇಬ್ಬರಿಗೂ ಕಾಣುವ ಜಾಗದಲ್ಲಿತ್ತು ಎನ್ನುವುದಷ್ಟೇ ಸತ್ಯ. ಇದನ್ನು ನಿರ್ಧರಿಸುವ ಸಾಕ್ಷಿ ಇಲ್ಲ. ಆದರೆ ಈ ಮಾತು ನನ್ನನ್ನು ಕೆಣಕಿತು. ನನ್ನ ಎಚ್ಚರದ ಕತೆಯೇ ಸುಳ್ಳಾಗಬಹುದಾದರೆ ಅವಳ ನಿದ್ದೆಯ ಕತೆ ಎಷ್ಟು ನಿಜ? ಅವ್ವನ ಹೆಜ್ಜೆ ಆ ಬೆಳಗ್ಗೆ ನಡುಮನೆಯ ಕಡೆಗೆ ಯಾಕೆ ಬರಲಿಲ್ಲ? ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಕೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು.

"ಅದೆಲ್ಲ ಈಗ್ಯಾಕ್ಲಾ? ಮಲಗಿರೋ ಮಕ್ಳ ಎಬ್ಬಸ್ಬಾರ್ದು ಅಂತ ಸುಮ್ಕಿದ್ದೆ."

"ಬೇಲೂರಿನವರು ಬೇಡ ಅಂದಾಗ ನಿನಗೆ ಬೇಜಾರಾಗ್ಲಿಲ್ವಾ?"

"ನಂಗೆ ಗ್ಯಾನಿಲ್ಲ. ಕೊತ್ತಂಬ್ರಿ ಕಟ್ಟು ಕೊಡಿಲ್ಲಿ."

ಕಳೆದ ವರ್ಷ ಒಂದು ಮದುವೆಗೆ ಬೇಲೂರಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತ ಮುದುಕಿಯನ್ನು ಯಾರೋ ಜಯಮ್ಮ ಎಂದು ಕರೆದರು. ವಿಚಾರಿಸಿದೆ, ಆಕೆಯೇ. ನಾನು ಯಾರೆಂದು ಹೇಳಿಕೊಂಡು, ಹಳೆಯ ಮಾತಿನ ಹಾಗೆ, ನಮ್ಮ ಹುಡುಗಿ ಬೆಳಗ್ಗೆ ಏಳುವುದಿಲ್ಲ ಅಂತ ಬೇಡ ಅಂದಿರಂತಲ್ಲ ಎಂದು ನಗುತ್ತ ಕೇಳಿದೆ. ಆಕೆ ಹಪ್ಪಳ ಮುರಿಯುವುದನ್ನು ನಿಲ್ಲಿಸಿದಳು.

"ನಾವಾ? ಯಾರಪ್ಪ ಹೇಳ್ದೋರು? ಆ ವಯಸ್ನ ಹುಡ್ಗೀರು ಯಾವಳು ಎದ್ದಾಳು ಅಷ್ಟೊತ್ಗೆ? ನನ್ನ ಮಕ್ಳು ಎಂಟಾದ್ರೂ ಏಳ್ತಿರ್ಲಿಲ್ಲ. ನಾನು ಒಪ್ಪಿ, ಹೂ ಮುಡ್ಸಕ್ಕೆ ದಿನ ನೋಡಿ ಅಂತ ಹೇಳ್ ಕಳ್ಸಿದ್ದೆ. ಬ್ಯಾಡ ಅಂತ ನಿಮ್ ಕಡೆಯಿಂದ ಬಂತು."

ಒಬ್ಬರ ಮಾತನ್ನು ನಾನು ಸಾಕ್ಷಿ ಎಂದು ಒಪ್ಪುವುದಿಲ್ಲ, ಅದರಲ್ಲೂ ಇಷ್ಟು ವರ್ಷದ ಮೇಲೆ, ಮದುವೆಮನೆಯಲ್ಲಿ. ಮನೆಗೆ ಮರಳುವ ದಾರಿಯಲ್ಲಿ ಹಳೇಬೀಡಿನಲ್ಲಿ ಇಳಿದೆ. ದೊಡ್ಡಪ್ಪನಿಗೆ ಈಗ ಕಣ್ಣು ಮಂಜು, ಕಿವಿ ಚುರುಕು, ಬುದ್ಧಿ ಇನ್ನೂ ಚುರುಕು. ಜಯಮ್ಮ ಸಿಕ್ಕಿದ್ದನ್ನಾಗಲಿ, ಆಕೆ ಹೇಳಿದ್ದನ್ನಾಗಲಿ ನಾನು ಬಾಯಿ ಬಿಡಲಿಲ್ಲ. ಸುಮಕ್ಕನ ಆ ನೆಂಟಸ್ತಿಕೆ ಯಾಕೆ ಮುರಿಯಿತು ಎಂದಷ್ಟೇ ಕೇಳಿದೆ.

"ನಿಮ್ಮಪ್ಪ ಇಲ್ವಲ್ಲ ಈಗ," ಎಂದ ಅವನು. "ಇನ್ನು ಹೇಳ್ಬೌದು. ಅವರು ಒಪ್ಪಿದ್ರು ಕಣ್ಲಾ. ಒಪ್ಪಿಗೆ ತಗಂಡು ನಿಮ್ಮೂರ್ಗೆ ಹೊಂಡ್ಬೇಕು ಅಂತಿದ್ದೆ. ಅಷ್ಟೊತ್ಗೆ ಒಂದಿನ ಬೆಳಗ್ಗೆ ನಿಮ್ಮವ್ವ ಬಂದು ನಮ್ ಬಾಗ್ಲಾಗೆ ನಿಂತ್ಲು. ಒಬ್ಬಳೇ. ಅರಸೀಕೆರೇಲಿ ಅವಳ ತಂಗಿಗೆ ಹುಸಾರಿಲ್ಲ ಅಂತ ಮನೇಲಿ ಹೇಳ್ಬುಟ್ಟು ಬಂದಿದ್ಲಂತೆ. ನನ್ನ ಮುಂದೆ ಯಾವತ್ತೂ ತಲೆ ಎತ್ತಿದೋಳಲ್ಲ, ಅವತ್ತು ನಡುಮನೇಲಿ ನಿಂತು, 'ಭಾವ, ಅವರು ಬ್ಯಾಡ ಅಂದ್ರು ಅಂತ ಹೇಳ್ಬುಡಿ, ಹುಡ್ಗಿ ಏಳಕ್ಕಿಲ್ಲ ಅಂತ ಬ್ಯಾಡ ಅಂದ್ರು ಅನ್ನಿ, ಅಂಗಂದ್ರೆ ಇನ್ಯಾರೂ ಬರಕ್ಕಿಲ್ಲ, ಅವಳು ಓದ್ಕತ್ತಾಳೆ' ಅಂದ್ಲು. ಕಾಫಿನೂ ಕುಡೀಲಿಲ್ಲ. ಬೇಲೂರ್ಗೆ ಬ್ಯಾಡ ಅಂತ ನಾನೇ ಹೇಳ್ ಕಳ್ಸ್ದೆ."

ಇದನ್ನು ಅಚ್ಚಿಗೆ ಕೊಡುವ ಮುಂಚೆ ಸುಮಕ್ಕನಿಗೆ ಓದಿ ಹೇಳಬೇಕು. ಅವಳ ಮೇಲೆ ಬಿದ್ದ ಹೆಸರನ್ನು ಹಾಕಿದ್ದು ಯಾರು ಎಂದು ತಿಳಿದರೆ ಅವಳಿಗೆ ಹಗುರಾಗುತ್ತದೋ ಇನ್ನೂ ಭಾರವಾಗುತ್ತದೋ ನನಗೆ ಗೊತ್ತಿಲ್ಲ. ಆ ಬೆಳಗ್ಗೆ ನಾನು ಎಚ್ಚರವಿದ್ದೆನೆ ಎನ್ನುವುದೂ ಗೊತ್ತಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಹಾಗೆ ಜಯಮ್ಮನನ್ನೂ ದೊಡ್ಡಪ್ಪನನ್ನೂ ಕೇಳಿ ನಾನು ಖಾತ್ರಿ ಮಾಡಿಕೊಂಡಿರುವುದು ಇಷ್ಟು. ಬೇಲೂರಿನವರು ಸುಮಕ್ಕನನ್ನು ಒಪ್ಪಿದ್ದರು. ಬೇಡ ಎಂದವಳು ಅವ್ವ.